ಎರಡನೆಯ ಎಂಜಿನ್

1958ನೇ ಇಸವಿ ಫೆಬ್ರವರಿ 11, ಮಂಗಳವಾರ. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಅಕ್ಕಿ ಗಿರಣಿಯ ಮಾಲೀಕ ತೋಟಪ್ಪ ಶಿಕಾರಿಪುರ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಅವರ ಹಿಂದೆ ಗಿರಣಿಯ ಆಳುಗಳು ಒಬ್ಬ ಮನುಷ್ಯನನ್ನು ರಟ್ಟೆ ಹಿಡಿದು ಎಳೆದುಕೊಂಡು ಬರುತ್ತಿದ್ದರು. ಅವನ ಅಂಗಿ ಹರಿದಿತ್ತು. ಹುಬ್ಬಿನ ಮೇಲಿಂದ ರಕ್ತ ಇಳಿದು ಕೆನ್ನೆಯ ಮೇಲೆ ಒಣಗಿತ್ತು.

"ಸಾಹೇಬ್ರ, ಇವ್ನು ನಮ್ಮ ಎಂಜಿನ್ ಡ್ರೈವರ್ ಕಲ್ಲಪ್ಪ. ನಮ್ಮ ಫಿಟ್ಟರ್ ರಾಜಪ್ಪನ ಜೀವ ತಗದ್ನರೀ," ಎಂದರು ತೋಟಪ್ಪ. "ರಾಜಪ್ಪ ಕರೆಂಟಿನ ಬೋರ್ಡಿಗೆ ಕೈ ಹಾಕಿ ರಿಪೇರಿ ಮಾಡ್ತಿದ್ದ. ಇವ ಕುಡಿದ ಅಮಲಿನಾಗೆ ಎಂಜಿನ್ ಶುರು ಮಾಡ್ಯಾನ."

ಇನ್ಸ್‌ಪೆಕ್ಟರ್ ವೀರಬಸಪ್ಪ ಎದ್ದು ಬಂದು ಕಲ್ಲಪ್ಪನ ಮುಖದ ಹತ್ತಿರ ಬಾಗಿದರು. ಎಂಜಿನ್ ಎಣ್ಣೆಯ ವಾಸನೆ ಇತ್ತು, ಎಲೆ ಅಡಿಕೆಯ ವಾಸನೆ ಇತ್ತು. ಹೆಂಡದ ವಾಸನೆ ಇರಲಿಲ್ಲ.

"ಎಂಜಿನ್ ಶುರು ಮಾಡಿದ್ಯಾ?"

"ಇಲ್ರಿ ಸಾಹೇಬ್ರ. ಊಟದ ಗಂಟೆ ಹೊಡೆದ ಮ್ಯಾಲೆ ನಿಲ್ಸಿದ್ದು. ಆಮೇಲೆ ಮುಟ್ಟೇ ಇಲ್ರಿ."

"ಮತ್ತೆ ಕರೆಂಟ್ ಎಲ್ಲಿಂದ ಬಂತು?"

ಕಲ್ಲಪ್ಪ ಬಾಯಿ ತೆರೆದ. ತೋಟಪ್ಪ ಅವನತ್ತ ನೋಡಿದರು. ಅವನು ಬಾಯಿ ಮುಚ್ಚಿಕೊಂಡ.

ತೋಟಪ್ಪನವರ ದೂರಿನ ಮೇಲೆ, ಅಜಾಗರೂಕತೆಯಿಂದ ಸಾವು ಉಂಟುಮಾಡಿದ ಆರೋಪದಡಿ ಎಫ್.ಐ.ಆರ್. ದಾಖಲಾಯಿತು. ಕಲ್ಲಪ್ಪನ ಹುಬ್ಬಿಗೆ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿ ಲಾಕಪ್ಪಿನಲ್ಲಿ ಕೂರಿಸುವಂತೆ ಹೇಳಿ, ವೀರಬಸಪ್ಪ ದಫೇದಾರ್ ಚೌಡಪ್ಪನನ್ನು ಕರೆದುಕೊಂಡು ಸ್ಥಳಕ್ಕೆ ಹೊರಟರು.

ಗಿರಣಿ ಇದ್ದದ್ದು ಅಂಜನಾಪುರದ ರಸ್ತೆಯಲ್ಲಿ, ಊರು ದಾಟಿದ ಮೇಲೆ. ಸರ್ಕಾರದ ವಿದ್ಯುತ್ ಲೈನು ಆ ಭಾಗಕ್ಕೆ ಇನ್ನೂ ಬಂದಿರಲಿಲ್ಲ. ತೋಟಪ್ಪ ತಮಗೆ ಬೇಕಾದ ಕರೆಂಟನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಗಿರಣಿಗೆ ಹೊಂದಿಕೊಂಡ ತಗಡಿನ ಮನೆಯಲ್ಲಿ ದೊಡ್ಡದೊಂದು ಎಣ್ಣೆ ಎಂಜಿನ್, ಅದಕ್ಕೆ ಬೆಲ್ಟಿನಿಂದ ಕಟ್ಟಿದ ಡೈನಮೊ. ಡೈನಮೊದಿಂದ ಹೊರಟ ಕರೆಂಟು ಗೋಡೆಯ ಬೋರ್ಡಿನ ತಾಮ್ರದ ಪಟ್ಟಿಗಳಿಗೆ ಬಂದು, ಅಲ್ಲಿಂದ ಅಕ್ಕಿ ಮಾಡುವ ಯಂತ್ರದ ಮೋಟಾರಿಗೆ, ನೀರೆತ್ತುವ ಪಂಪಿಗೆ, ಕಚೇರಿಯ ದೀಪಕ್ಕೆ ಹರಿಯುತ್ತಿತ್ತು.

ರಾಜಪ್ಪ ಬೋರ್ಡಿನ ಕೆಳಗೆ ಅಂಗಾತ ಬಿದ್ದಿದ್ದ. ಭತ್ತ ನೆನೆಸುವ ತೊಟ್ಟಿಯಿಂದ ಚೆಲ್ಲಿದ ನೀರಿನಿಂದ ಅಲ್ಲಿನ ನೆಲ ತೊಯ್ದಿತ್ತು. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು. ಬಲಗೈ ಬೆರಳುಗಳ ಒಳಭಾಗ ಸುಟ್ಟು ಕಪ್ಪಾಗಿತ್ತು. ಮೇಲೆ ಅರ್ಧ ಬಿಚ್ಚಿದ ಸ್ವಿಚ್ಚು ಬೋರ್ಡಿನಿಂದ ನೇತಾಡುತ್ತಿತ್ತು. ಚೌಡಪ್ಪ ಪಂಚರನ್ನು ನಿಲ್ಲಿಸಿಕೊಂಡು ಶವದ ಪಂಚನಾಮೆ ಬರೆದ. ಶವವನ್ನು ಮರಣೋತ್ತರ ಪರೀಕ್ಷೆಗೆ ಸಾಗಿಸಲಾಯಿತು.

ವೀರಬಸಪ್ಪ ಗಿರಣಿಯ ಹೆಣ್ಣಾಳುಗಳನ್ನು ಕೇಳಿದರು. ಭತ್ತ ಹರಡುವ, ಅಕ್ಕಿ ಕೇರುವ ಹೆಂಗಸರು ಆ ಹೊತ್ತಿನಲ್ಲಿ ಹುಣಸೆ ಮರದ ಕೆಳಗೆ ಬುತ್ತಿ ಬಿಚ್ಚಿ ಕುಳಿತಿದ್ದರಂತೆ.

"ಕಲ್ಲಪ್ಪ ಎಲ್ಲಿದ್ದ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಒಬ್ಬಳು ಅಂದಳು: "ನಮ್ಮೆದುರಿಗೇ ಕುಂತು ರೊಟ್ಟಿ ತಿಂತಿದ್ರಿ."

"ಹಂಗಾದ್ರೆ ಅವನಿಗೆ ಹೊಡಿಯೋವಾಗ ಯಾಕೆ ಹೇಳ್ಲಿಲ್ಲ?"

"ಧಣೇರೇ ಅಂದ ಮ್ಯಾಲೆ ನಾವೇನು ಹೇಳೋದ್ರಿ?"

ಅವಘಡವಾದಾಗ ತೋಟಪ್ಪ ಕಚೇರಿಯ ಕೋಣೆಯಲ್ಲಿದ್ದರಂತೆ. ಕಿಟಕಿ ಸಣ್ಣದು, ಹಗಲಲ್ಲೂ ಅಲ್ಲಿ ಕತ್ತಲು.

"ಎಂಜಿನ್ ಶುರುವಾಯ್ತು ಅಂತ ನಿಮಗೆ ಹೆಂಗೆ ಗೊತ್ತಾಯ್ತು?" ಎಂದು ವೀರಬಸಪ್ಪ ಕೇಳಿದರು.

"ದೀಪ ಹತ್ತಿತಲ್ರಿ. ದೀಪ ಹತ್ತಿದ ಗಳಿಗೆಗೇ ಆಚೆ ಕೂಗು ಕೇಳ್ತು."

"ಎಂಜಿನ್ನಿನ ಸದ್ದು ಕೇಳ್ತಾ?"

"ಲಕ್ಷ್ಯ ಕೊಡ್ಲಿಲ್ರಿ," ಎಂದರು ತೋಟಪ್ಪ.

ವೀರಬಸಪ್ಪ ಬೋರ್ಡಿನ ತಂತಿಗಳನ್ನೆಲ್ಲ ಬಿಡಿಸಿ, ಠಾಣೆಯಿಂದ ಕಲ್ಲಪ್ಪನನ್ನು ಕರೆಸಿ ಎಂಜಿನ್ ಶುರು ಮಾಡಿಸಿದರು. ಅದು ಎರಡು ಸಲ ಕೆಮ್ಮಿ ಹಿಡಿದುಕೊಂಡಾಗ ಕಚೇರಿಯ ಮೇಜು ನಡುಗಿತು, ತಗಡಿನ ಮಾಡು ಗಡಗಡ ಎಂದಿತು. ಆ ಸದ್ದಿಗೆ ಲಕ್ಷ್ಯ ಕೊಡದೆ ಇರುವುದು ಕಿವುಡನಿಗೂ ಸಾಧ್ಯವಿರಲಿಲ್ಲ. ಎಂಜಿನ್ ನಿಲ್ಲಿಸಲು ಹೇಳಿ ಅವರು ಮತ್ತೆ ಬೋರ್ಡಿನ ಮುಂದೆ ಬಂದು ನಿಂತರು. ಕಳಚಿದ ತಂತಿಗಳಲ್ಲಿ ಒಂದು ಜೋಡಿ ಡೈನಮೊದ ಕಡೆಗೂ ಹೋಗಿರಲಿಲ್ಲ, ಮೋಟಾರಿನ ಕಡೆಗೂ ಹೋಗಿರಲಿಲ್ಲ. ಗೋಡೆಯ ತೂತಿನಿಂದ ಹೊರಗೆ ದಾಟಿ, ಮರದ ಕಂಬಗಳ ಮೇಲೆ ಹಾಯ್ದು, ಗದ್ದೆಯ ಆಚೆಗಿದ್ದ ಹೆಂಚಿನ ಕಟ್ಟಡಕ್ಕೆ ಹೋಗಿತ್ತು.

"ಅದೇನು?"

"ನಮ್ಮದೇ ಎಣ್ಣೆ ಗಿರಣಿ ರೀ," ಎಂದರು ತೋಟಪ್ಪ. "ಅಲ್ಲಿಗೆ ಇಲ್ಲಿಂದ ಕರೆಂಟ್ ಹೋಗ್ತೈತಿ."

"ಬರೀ ಹೋಗ್ತದೋ? ಬರೋದೂ ಉಂಟೋ?"

ಬಾಗಿಲಲ್ಲಿ ನಿಂತಿದ್ದ ಕಲ್ಲಪ್ಪ ಹೇಳಿದ: "ಅಲ್ಲೂ ಒಂದು ಸಣ್ಣ ಎಂಜಿನ್ ಐತ್ರಿ ಸಾಹೇಬ್ರ. ದೊಡ್ಡದು ಕೆಟ್ರೆ ಅದ್ರಿಂದ ಇಲ್ಲಿಗೆ ಕರೆಂಟ್ ಬರ್ತೈತಿ. ಎರಡೂ ಒಂದೇ ತಂತಿ."

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಧಣೇರು ಯಾರಿಗೂ ಹೇಳಬ್ಯಾಡ ಅಂದಿದ್ರಿ. ಸರ್ಕಾರದ ಪರವಾನಗಿ ಇಲ್ಲಂತ."

ಬುಧವಾರ ಬೆಳಿಗ್ಗೆ ವೀರಬಸಪ್ಪ ಎಣ್ಣೆ ಗಿರಣಿಗೆ ಹೋದರು. ಅದರ ಎಂಜಿನ್ ನೋಡಿಕೊಳ್ಳುತ್ತಿದ್ದವನು ಕೆಂಪಪ್ಪ. ಸೊರಬ ತಾಲ್ಲೂಕಿನ ಜಡೆ ಎಂಬ ಊರಿನವನು, ನಲವತ್ತು ದಾಟಿದ ವಯಸ್ಸು, ಮಿತ ಮಾತಿನ ಮನುಷ್ಯ. ಕೇಳಿದ್ದಕ್ಕೆಲ್ಲ ಅಡ್ಡಿಯಿಲ್ಲದೆ ತೋರಿಸಿದ. ಸಣ್ಣ ಎಂಜಿನ್, ಸಣ್ಣ ಡೈನಮೊ. ಗೋಡೆಯ ಮೇಲೆ ಮರದ ಹಿಡಿಯ ಕತ್ತಿ ಸ್ವಿಚ್ಚು. ಹಿಡಿ ಮೇಲಿದ್ದರೆ ಎರಡು ಗಿರಣಿಗಳೂ ಬೇರೆ ಬೇರೆ. ಕೆಳಕ್ಕೆ ಎಳೆದರೆ ಎರಡೂ ಒಂದು.

ಇನ್ಸ್‌ಪೆಕ್ಟರ್ ಹೇಳಿದಂತೆ ಆ ಬೆಳಿಗ್ಗೆ ಬೋರ್ಡಿನ ತಂತಿಗಳನ್ನು ಮೊದಲಿನಂತೆ ಸೇರಿಸಲಾಗಿತ್ತು. ಅಕ್ಕಿ ಗಿರಣಿಯ ಕಚೇರಿಯಲ್ಲಿ ಚೌಡಪ್ಪ ದೀಪದ ಮುಂದೆ ನಿಂತಿದ್ದ. ದೊಡ್ಡ ಎಂಜಿನ್ ತಣ್ಣಗೆ ನಿಂತಿತ್ತು. ಕೆಂಪಪ್ಪ ಸಣ್ಣ ಎಂಜಿನ್ನಿನ ಚಕ್ರ ತಿರುಗಿಸಿ, ಅದು ವೇಗ ಹಿಡಿದ ಮೇಲೆ ಸ್ವಿಚ್ಚಿನ ಹಿಡಿಯನ್ನು ಕೆಳಗೆಳೆದ. ಆಚೆ ಕಚೇರಿಯ ದೀಪ ಹತ್ತಿತು. ಚೌಡಪ್ಪ ಹೊರಗೆ ಬಂದು ಟವೆಲ್ ಬೀಸಿದ.

"ನಿನ್ನೆ ಮಧ್ಯಾಹ್ನ ಹಿಂಗೆ ಹಾಕಿದ್ಯಾ ಕೆಂಪಪ್ಪ?"

"ಹಾಕಿದ್ದೆ ಕಣ್ರೀ."

ವೀರಬಸಪ್ಪ ಇಷ್ಟು ನೇರವಾದ ಉತ್ತರವನ್ನು ನಿರೀಕ್ಷಿಸಿರಲಿಲ್ಲ.

"ಯಾಕೆ?"

"ಆ ಕಡೆ ತೊಟ್ಟಿಗೆ ನೀರು ಬೇಕಾಗ್ತದೆ. ಊಟದ ಹೊತ್ತಲ್ಲಿ ಪಂಪು ನಡೀಲಿ ಅಂತ ಹಾಕ್ದೆ."

"ರಾಜಪ್ಪ ರಿಪೇರಿ ಮಾಡ್ತಾನೆ ಅಂತ ಗೊತ್ತಿರ್ಲಿಲ್ವಾ?"

"ಯಾರೂ ಹೇಳ್ಲಿಲ್ಲ."

ಉತ್ತರದಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಹೇಳಿಕೆ ಬರೆದುಕೊಂಡು ವೀರಬಸಪ್ಪ ಹೊರಬಿದ್ದರು. ಕಲ್ಲಪ್ಪನನ್ನು ಮುಚ್ಚಳಿಕೆ ಬರೆಸಿಕೊಂಡು ಬಿಡಲಾಯಿತು. ಆದರೆ ಎಣ್ಣೆ ಗಿರಣಿಯ ಆಳುಗಳನ್ನು ಒಬ್ಬೊಬ್ಬರನ್ನಾಗಿ ಕೇಳಿದಾಗ ಎಲ್ಲರೂ ಒಂದೇ ಮಾತು ಹೇಳಿದರು. ಊಟದ ಹೊತ್ತಲ್ಲಿ ಸಣ್ಣ ಎಂಜಿನ್ ನಡೆದದ್ದನ್ನು ಅವರು ಹಿಂದೆಂದೂ ಕಂಡಿರಲಿಲ್ಲ.

ಮಧ್ಯಾಹ್ನ ಶವವನ್ನು ಮನೆಯವರಿಗೆ ಒಪ್ಪಿಸಿದರು. ಮಣ್ಣಾದ ಮಾರನೆಯ ದಿನ ವೀರಬಸಪ್ಪ ರಾಜಪ್ಪನ ಮನೆಗೆ ಹೋದರು. ಹೆಂಡತಿ ವರದಮ್ಮ ಒಳಮನೆಯ ಬಾಗಿಲಿಗೆ ಒರಗಿ ಕುಳಿತಿದ್ದಳು. ಕೇಳುವುದಕ್ಕೆ ಅವರಿಗೆ ಮನಸ್ಸಿರಲಿಲ್ಲ, ಕೇಳದೆ ವಿಧಿಯಿರಲಿಲ್ಲ.

"ನಿಮ್ಮ ಯಜಮಾನರು ಕೆಲಸದಲ್ಲಿ ಹೆಂಗಿದ್ರು ತಾಯಿ? ಕರೆಂಟ್ ವಿಷಯದಲ್ಲಿ ಏನಾದರೂ ಸಸಾರ ಮಾಡ್ತಿದ್ರಾ?"

"ಇಲ್ರಿ. ಭಾಳ ಅಂಜ್ತಿದ್ರು. ಎರಡೂ ಕಡೆ ಹೇಳಿ ಕಳಿಸ್ದೆ ಬೋರ್ಡ್ ಮುಟ್ಟೋದಿಲ್ಲ ಅಂತಿದ್ರು. ನಾನೇ ನಗ್ತಿದ್ದೆ, ಇಷ್ಟ್ಯಾಕೆ ಹೆದರ್ತೀರಿ ಅಂತ." ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ಎಣ್ಣೆ ಗಿರಣಿ ಕೆಂಪಪ್ಪ ಪರಿಚಯವಾ?"

"ನಮ್ಮೋರೂ ಅವ್ರೂ ಇಬ್ರೂ ಜಡೆಯೋರೇ. ಆಗಾಗ ಬಂದು ಅಂಗಳದಾಗೆ ನಿಲ್ತಿದ್ರು. ಒಳಗೆ ಬರ್ರಿ ಅಂದ್ರೂ ಬರ್ತಿರ್ಲಿಲ್ಲ. 'ಒಂದ್ಸಲ ಹೇಳು ರಾಜಪ್ಪ, ಸಾಕು' ಅಂತಿದ್ರು. ಏನು ಅಂತ ನಮ್ಮೋರನ್ನ ಕೇಳಿದ್ರೆ, ನಿನಗ್ಯಾಕೆ ಅಂತ ಗದರಿಸ್ತಿದ್ರು. ಅವ್ರು ಬಂದು ಹೋದ ದಿನ ನಮ್ಮೋರು ಉಣ್ತಿರ್ಲಿಲ್ಲ."

ಗಿರಣಿಯ ದಾರಿಯಲ್ಲಿ ಚೌಡಪ್ಪ ಕೇಳಿದ: "ಎರಡೂ ಕಡೆ ಹೇಳಿ ಕಳಿಸೋ ಮನುಷ್ಯ ಅವತ್ತೊಂದೇ ದಿನ ಮರೆತ್ನಾ ಸಾರ್?"

"ಮರೆತಿರೋದಿಲ್ಲ. ಯಾರೋ ಹೋಗಿದಾರೆ. ಹುಣಸೆ ಮರದ ಕೆಳಗೆ ಊಟಕ್ಕೆ ತಡವಾಗಿ ಬಂದೋರು ಯಾರು ಅಂತ ಕೇಳು."

ತಡವಾಗಿ ಬಂದವಳು ತಾಯಮ್ಮ. ಅಂದಿನಿಂದ ಅವಳು ಕೆಲಸಕ್ಕೂ ಬಂದಿರಲಿಲ್ಲ.

ಅವಳ ಮನೆ ಕೆರೆಯ ಹಿಂದಿನ ಓಣಿಯಲ್ಲಿತ್ತು. ಐವತ್ತರ ಹೆಂಗಸು, ಗಂಡ ಮಕ್ಕಳಿಲ್ಲ. ಒಲೆ ತಣ್ಣಗಿತ್ತು. ಪೊಲೀಸರನ್ನು ಕಂಡ ಕೂಡಲೇ ಎದ್ದು ನಿಂತಳು, ಮತ್ತೆ ಅಲ್ಲೇ ಕುಳಿತಳು.

"ನನ್ನ ಕರ್ಕಂಡು ಹೋಗ್ರಿ ಸಾಹೇಬ್ರ. ನಾನೇ ಕೊಂದೀನ್ರಿ."

ಚೌಡಪ್ಪ ಪೆನ್ನು ತೆಗೆದ. ವೀರಬಸಪ್ಪ ಅವನ ಕೈ ತಡೆದು, ಅವಳ ಎದುರಿಗೇ ನೆಲದ ಮೇಲೆ ಕುಳಿತರು.

"ಏನಾಯ್ತು, ಆದಂಗೆ ಹೇಳವ್ವ."

"ರಾಜಪ್ಪ ನನ್ನ ಕರೆದು, ಕೆಂಪಪ್ಪಗೆ ಹಿಂಗಿಂಗೆ ಹೇಳಿ ಬಾ ಅಂದ್ರಿ. ನಾ ಹೋದೆ. ಹೇಳ್ದೆ. ತಿರುಗಿ ಬದುವಿನ ಮ್ಯಾಲೆ ಬರ್ತಿದ್ದೆ, ಹಿಂದೆ ಎಂಜಿನ್ ಸದ್ದು ಶುರುವಾತು. ಹಚ್ಚಬ್ಯಾಡ ಅನ್ನೋದು ಬಿಟ್ಟು ನಾನೇ ಹಚ್ಚು ಅಂದೆನೇನೋ ಅನ್ನಿಸ್ತು. ಓಡಿ ಹೋಗಿ ಕೇಳ್ಬೇಕಿತ್ರಿ. ಮಾತು ಕೆಡಿಸಿದ್ಲು ಅಂತ ಬೈತಾರೇನೋ ಅಂತ ಅಲ್ಲೇ ನಿಂತೆ. ಅಷ್ಟರಾಗೆ ಈ ಕಡೆ ಕೂಗು ಕೇಳ್ತು."

"ಕೆಂಪಪ್ಪಗೆ ನೀನು ಅಂದಿದ್ದು ಏನು? ಅದೇ ಮಾತು ಹೇಳು."

ತಾಯಮ್ಮ ಕಣ್ಣು ಮುಚ್ಚಿದಳು. "'ರಾಜಪ್ಪ ಬೋರ್ಡಿನಾಗೆ ಕೈ ಇಟ್ಟಾನಂತೆ. ತಾನೇ ಬಂದು ಹೇಳೋ ತನಕ ಎಂಜಿನ್ ಹಚ್ಚಬ್ಯಾಡಂತೆ' ಅಂದೆ. ಹಂಗೇ ಅಂದಂಗೈತಿ ನೆನಪು. ಆದ್ರೆ ಈಗ ಯಾವ್ದು ಖರೆ ಅಂತ ನನಗೇ ತಿಳೀದಂಗಾಗೈತ್ರಿ."

"ಅವನೇನಂದ?"

"'ಬೋರ್ಡಿನಾಗೆ ಕೈ ಇಟ್ಟಾನಾ? ತಾನು ಹೇಳೋ ತನಕ ಹಚ್ಚಬ್ಯಾಡ ಅಂದ್ನಾ?' ಅಂತ ಕೇಳಿದ. ಹೌದಂದೆ. ಸುಮ್ನೆ ನಿಂತಿದ್ದ. ಆಮೇಲೆ, 'ಸರಿ, ಹೋಗವ್ವ' ಅಂದ."

ವೀರಬಸಪ್ಪ ಚೌಡಪ್ಪನ ಕಡೆ ನೋಡಿದರು. ಕೇಳಿದ ಮಾತನ್ನೇ ಅವನು ತಿರುಗಿ ಕೇಳಿದ್ದ. ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ.

"ನೀನು ಸರಿಯಾಗೇ ಹೇಳಿದ್ದೀಯ ತಾಯಮ್ಮ," ಎಂದರು. "ಅವನಿಗೂ ಸರಿಯಾಗೇ ಕೇಳಿಸೈತಿ. ಒಲೆ ಹಚ್ಚು, ಊಟ ಮಾಡು."

ತಾಯಮ್ಮ ಮುಖ ಮುಚ್ಚಿಕೊಂಡು ಅತ್ತಳು. ಪಕ್ಕದ ಮನೆಯ ಹೆಂಗಸನ್ನು ಅವಳ ಜೊತೆಗೆ ಬಿಟ್ಟು ಇಬ್ಬರೂ ಎಣ್ಣೆ ಗಿರಣಿಗೆ ಹೋದರು. ಕೆಂಪಪ್ಪ ಇರಲಿಲ್ಲ. ತಾಯಿಯನ್ನು ನೋಡಿ ಬರುತ್ತೇನೆಂದು ಬೆಳಗಿನ ಬಸ್ಸಿಗೆ ಹೋಗಿದ್ದ.

ಅದೇ ದಿನ ಎಫ್.ಐ.ಆರ್.ನಲ್ಲಿ ಕೊಲೆಯ ಕಲಮನ್ನು ಸೇರಿಸಲು ಮ್ಯಾಜಿಸ್ಟ್ರೇಟರಿಗೆ ವರದಿ ಹೋಯಿತು. 14ರ ಶುಕ್ರವಾರ ಬೆಳಿಗ್ಗೆ ವೀರಬಸಪ್ಪ, ಚೌಡಪ್ಪ ಮತ್ತು ಇನ್ನೊಬ್ಬ ಕಾನ್‌ಸ್ಟೇಬಲ್ ಬಸ್ಸಿನಲ್ಲಿ ಆನವಟ್ಟಿಗೆ ಬಂದು, ಅಲ್ಲಿಂದ ಸೈಕಲ್ಲುಗಳ ಮೇಲೆ ಜಡೆ ಮುಟ್ಟಿದರು. ಊರ ಪಟೇಲರನ್ನು ಜೊತೆಗೆ ಕರೆದುಕೊಂಡರು.

ಕೆಂಪಪ್ಪ ಮನೆಯ ಮುಂದೆ ಸೌದೆ ಒಡೆಯುತ್ತಿದ್ದ. ಕಾನ್‌ಸ್ಟೇಬಲ್ ಓಡಿ ಹೋಗಿ ಕೊಡಲಿ ಕಿತ್ತುಕೊಂಡ. ಕೆಂಪಪ್ಪ ತಡೆಯಲಿಲ್ಲ.

"ಅವ್ವಗೆ ಒಂದಿಷ್ಟು ಒಡೆದಿಟ್ಟು ನಾನೇ ಬರೋನಿದ್ದೆ," ಎಂದ. "ತಾಯಮ್ಮ ಹೇಳಿದ್ಲಾ?"

"ಹೇಳಿದ್ಲು."

"ಅವಳದ್ದೇನೂ ತಪ್ಪಿಲ್ಲ ಕಣ್ರೀ. ಕಲ್ಲಪ್ಪನ್ನ ಬಿಟ್ರಾ?"

"ಬಿಟ್ಟಿದೀವಿ. ಯಾಕೆ ಮಾಡ್ದೆ?"

ಕೆಂಪಪ್ಪ ಜಗಲಿಯ ಮೇಲೆ ಕುಳಿತ. ಒಳಗಿನಿಂದ ಅವನ ತಾಯಿ ಗುಡ್ಡಮ್ಮ ಬಂದು ಬಾಗಿಲು ಹಿಡಿದು ನಿಂತಳು. ಅವನು ಅವಳತ್ತ ನೋಡದೆ ಹೇಳಿದ.

ಅವನಿಗೊಬ್ಬ ತಮ್ಮ ಇದ್ದ, ರಾಮಪ್ಪ. ರಾಜಪ್ಪನ ಜೊತೆಗಾರ. ಇಬ್ಬರೂ ಒಟ್ಟಿಗೆ ತೋಟಪ್ಪನವರ ಅಕ್ಕಿ ಗಿರಣಿಗೆ ಸೇರಿದ್ದರು. ಆಗ ಇದ್ದದ್ದು ದೊಡ್ಡ ಎಂಜಿನ್ ಒಂದೇ. ಅದನ್ನು ನಿಲ್ಲಿಸಿದರೆ ಎರಡೂ ಗಿರಣಿಗಳು ನಿಲ್ಲುತ್ತಿದ್ದವು, ಹಾಗಾಗಿ ಸಣ್ಣಪುಟ್ಟ ಕೆಲಸಕ್ಕೆ ನಿಲ್ಲಿಸುವ ಹಾಗಿರಲಿಲ್ಲ. ಮೂರು ವರ್ಷದ ಹಿಂದೆ ಒಂದು ದಿನ, ನಡೆಯುತ್ತಿರುವಾಗಲೇ ಎಣ್ಣೆ ಬಿಡು ಎಂದು ರಾಜಪ್ಪ ರಾಮಪ್ಪನನ್ನು ಬೆಲ್ಟಿನ ಪಕ್ಕಕ್ಕೆ ಕಳಿಸಿದ. ಬೆಲ್ಟು ಅವನ ಪಂಚೆಯನ್ನು ಹಿಡಿಯಿತು. ಅಂದು ಬಂದ ಪೊಲೀಸರ ಮುಂದೆ ತೋಟಪ್ಪ, ಅವನು ಕುಡಿದಿದ್ದ ಎಂದರು. ಹತ್ತಿರದಲ್ಲಿ ನಿಂತು ಕಂಡವನು ರಾಜಪ್ಪ ಒಬ್ಬನೇ. ಅವನೂ ಹೌದು ಎಂದ. ಪಂಚನಾಮೆಯಲ್ಲಿ ಹಾಗೆಯೇ ಬರೆದುಕೊಂಡರು. ಆಮೇಲೆ ತೋಟಪ್ಪ ಎರಡನೆಯ ಎಂಜಿನ್ ತಂದು, ಮನೆಗೆ ಆಸರೆಯಾಗಲಿ ಎಂದು ಅದರ ಕೆಲಸವನ್ನು ಕೆಂಪಪ್ಪನಿಗೆ ಕೊಟ್ಟರು.

"ನಮ್ಮಪ್ಪ ಕುಡಿದು ಕುಡಿದೇ ಸತ್ತೋನು," ಎಂದ ಕೆಂಪಪ್ಪ. "ಅವನ ಹೊಡೆತ ತಿಂದು ಬೆಳೆದೋರು ನಾವು. ನನ್ನ ತಮ್ಮ ಹೆಂಡದ ವಾಸನೆ ಬಂದ್ರೆ ಉಣ್ಣೋ ಎಲೆ ಬಿಟ್ಟು ಏಳ್ತಿದ್ದ. ಅವನ್ನ ಕುಡುಕ ಅಂದ್ಬಿಟ್ರು. ಬಾವಿಕಟ್ಟೇಲಿ ಹೆಂಗಸ್ರು, ಅಪ್ಪನಂಗೇ ಹೋದ ಮಗ ಅಂದಾಗ ಅವ್ವ ಕೊಡ ಅಲ್ಲೇ ಬಿಟ್ಟು ಬಂದ್ಲು. ಮತ್ತೆ ಬಾವಿಗೆ ಹೋಗ್ಲಿಲ್ಲ."

"ರಾಜಪ್ಪನ್ನ ಏನು ಕೇಳ್ತಿದ್ದೆ?"

"ಊರಿಗೆ ಬಂದು ನಾಕು ಜನದ ಮುಂದೆ ಒಂದ್ಸಲ ಹೇಳು, ರಾಮಪ್ಪ ಕುಡಿದಿರ್ಲಿಲ್ಲ ಅಂತ. ಅಷ್ಟೇ ಕೇಳ್ತಿದ್ದೆ. ಆಗಿದ್ದು ಆಗಿಹೋಯ್ತು ಬಿಡು ಅಂತಿದ್ದ."

"ಸುಳ್ಳು ಹೇಳಿಸಿದೋರು ತೋಟಪ್ಪ. ಅವರ ಮೇಲೆ ಸಿಟ್ಟು ಬರ್ಲಿಲ್ವಾ?"

"ಧಣಿ ಹತ್ರ ನಾನು ಸತ್ಯ ಕೇಳಿರ್ಲಿಲ್ಲ. ರಾಜಪ್ಪ ನಮ್ಮ ಮನೇಲಿ ಉಂಡೋನು."

ಕೆಂಪಪ್ಪ ತನ್ನ ಅಂಗೈಗಳನ್ನು ನೋಡಿಕೊಂಡ.

"ಅವತ್ತು ತಾಯಮ್ಮ ಬಂದು ಹಿಂಗಂತೆ ಅಂದ್ಲು. ನನ್ನ ಒಂದು ಮಾತು ಅವನು ಮೂರು ವರ್ಷ ಕೇಳ್ಲಿಲ್ಲ. ಈಗ ಅವನ ಮಾತು ನಾನು ಕೇಳ್ಬೇಕಾ ಅನ್ನಿಸ್ತು."

"ಎಂಜಿನ್ ಚಕ್ರ ತಿರುಗಿಸ್ಬೇಕು, ಅದು ವೇಗ ಹಿಡೀಬೇಕು, ಆಮೇಲೆ ಸ್ವಿಚ್ ಎಳೀಬೇಕು. ಸಿಟ್ಟಿಗೆ ಅಷ್ಟು ಹೊತ್ತು ಬೇಕಾಗಲ್ಲ ಕೆಂಪಪ್ಪ."

"ಚಕ್ರ ತಿರುಗಿಸೋವಾಗ ಸಿಟ್ಟಿತ್ತು. ಸ್ವಿಚ್ಚಿನ ಹಿಡಿಗೆ ಕೈ ಇಟ್ಟಾಗ ಸಿಟ್ಟಿರ್ಲಿಲ್ಲ ಕಣ್ರೀ. ಅವನ ಹೆಂಡ್ತಿ ನೀರು ತಂದು ಕೊಡ್ತಿದ್ಲು. ಅದೂ ನೆನಪಾಯ್ತು. ಆದ್ರೂ ಎಳೆದೆ."

ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ವೀರಬಸಪ್ಪನವರಿಗೆ ಗೊತ್ತಿತ್ತು. ನಾಳೆ ಮ್ಯಾಜಿಸ್ಟ್ರೇಟರ ಮುಂದೆ ಇದನ್ನೇ ಹೇಳುತ್ತೀಯಾ ಎಂದು ಕೇಳಿದರು. ಹೇಳುತ್ತೇನೆ ಎಂದ. ಪಟೇಲರ ಸಮಕ್ಷಮ ದಸ್ತಗಿರಿಯ ಪಂಚನಾಮೆ ಆಯಿತು. ಕೈಗೆ ಕೋಳ ಬಿತ್ತು. ಅಷ್ಟರಲ್ಲಿ ಊರವರು ಅಂಗಳದಲ್ಲಿ ಕೂಡಿದ್ದರು.

ಗುಡ್ಡಮ್ಮ ಬಾಗಿಲು ಬಿಟ್ಟು ಜಗಲಿಗೆ ಬಂದಳು. ಅವಳು ಅಳುತ್ತಿರಲಿಲ್ಲ.

"ನಂದೂ ಒಂದು ಮಾತು ಬರ್ಕಳ್ರಿ."

"ಹೇಳವ್ವ."

"ನನ್ನ ಸಣ್ಣ ಮಗ ಕುಡೀತಿರ್ಲಿಲ್ಲ."

ಚೌಡಪ್ಪ ಇನ್ಸ್‌ಪೆಕ್ಟರ ಮುಖ ನೋಡಿದ. ಇದು ಈ ಕೇಸಿಗೆ ಬೇಕೇ ಎಂಬಂತೆ. ವೀರಬಸಪ್ಪ ಕಾಗದವನ್ನು ತಾವೇ ತೆಗೆದುಕೊಂಡು ಬರೆದರು. ನಿಯಮದಂತೆ, ಬರೆದದ್ದನ್ನು ಹೇಳಿಕೆ ಕೊಟ್ಟವರಿಗೆ ಓದಿ ಹೇಳಬೇಕು. ಅವರು ಎದ್ದು ನಿಂತು ಅಂಗಳದ ಕೊನೆಯವರೆಗೂ ಕೇಳುವಂತೆ ಓದಿದರು:

"ಜಡೆ ಗ್ರಾಮದ ಗುಡ್ಡಮ್ಮ ಎಂಬ ನಾನು ಹೇಳಿ ಬರೆಸಿದ್ದೇನೆಂದರೆ, ಮೂರು ವರ್ಷದ ಹಿಂದೆ ಗಿರಣಿಯಲ್ಲಿ ತೀರಿಹೋದ ನನ್ನ ಕಿರಿಯ ಮಗ ರಾಮಪ್ಪನಿಗೆ ಕುಡಿತದ ಅಭ್ಯಾಸ ಎಂದೂ ಇರಲಿಲ್ಲ."

ಪಟೇಲರು ತಲೆ ತಗ್ಗಿಸಿದರು. ಅಂಗಳದಲ್ಲಿ ಯಾರೋ ಒಬ್ಬರು, "ನಿಜ, ಇರ್ಲಿಲ್ಲ," ಎಂದರು. ಗುಡ್ಡಮ್ಮ ಹೆಬ್ಬೆರಳು ಮುಂದೆ ಚಾಚಿದಳು. ಚೌಡಪ್ಪ ಮಸಿ ಹಚ್ಚಿ ಗುರುತು ಒತ್ತಿಸಿಕೊಂಡ.

ಕೆಂಪಪ್ಪ ಕೋಳದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದ. ಇನ್ಸ್‌ಪೆಕ್ಟರ ಕಡೆಗೆ ಮುಖ ಎತ್ತಿದ.

"ಇಷ್ಟೇ ಬೇಕಾಗಿತ್ತು ಕಣ್ರೀ," ಎಂದ.